‘ಸರ್ವರ್ ಇಲ್ಲ, ನಾಳೆ ಬನ್ನಿ’: ಒಂದು ಕಾಯಿಲೆಯ ಮೂವತ್ತು ವರ್ಷದ ಕಥೆ

ಹೋದ ಮಳೆಗಾಲದಲ್ಲಿ ಚಿಕ್ಕಪ್ಪನ ಜೊತೆ ಒಂದು ದಾಖಲೆ ತರೋಕೆ ತಾಲ್ಲೂಕು ಕೇಂದ್ರಕ್ಕೆ ಹೋಗಿದ್ದೆ. ಕೌಂಟರಿನ ಹುಡುಗ ಪರದೆ ನೋಡಿ, “ಸರ್ವರ್ ಇಲ್ಲ ಯಜಮಾನ್ರೇ, ನಾಳೆ ಬನ್ನಿ” ಅಂದ. ಚಿಕ್ಕಪ್ಪ ಮರುಮಾತಾಡದೆ ಟವೆಲ್ ಹೆಗಲಿಗೆ ಹಾಕಿಕೊಂಡು ಹೊರಟರು. ಒಂದು ದಿನದ ಕೂಲಿ ಹೋಯ್ತು, ಬಸ್ ಚಾರ್ಜು ಬೇರೆ. ಮರುದಿನವೂ ಅದೇ ಮಾತು. ಮೂರನೇ ದಿನ ಕಾಗದ ಕೈಗೆ ಬಂತು. ಏನಾಗಿತ್ತಪ್ಪ ಅಂತ ಹುಡುಗನನ್ನ ಕೇಳಿದೆ. “ರೀಸ್ಟಾರ್ಟ್ ಮಾಡಿದ್ರಂತೆ ಸಾರ್, ಸರಿಹೋಯ್ತು” ಅಂದ.

ಮೊದಲ ದಿನ ನಾನು ಬಗ್ಗಿ ಆ ಪರದೆ ನೋಡಿದ್ದೆ. ಬಿಳಿ ಪುಟದ ಮೇಲೆ ಒಂದೇ ಸಾಲು: 500, ಇಂಟರ್ನಲ್ ಸರ್ವರ್ ಎರರ್. ಆಗ ತಲೆಗೆ ಹೊಕ್ಕ ಪ್ರಶ್ನೆ ಇನ್ನೂ ಹೋಗಿಲ್ಲ. ಸರ್ವರ್ ಇಲ್ಲದಿದ್ದರೆ ಆ ಸಾಲನ್ನ ಕಳಿಸಿದವರು ಯಾರು?

ಸರ್ವರ್ ಇತ್ತು. ಬಾಗಿಲು ತೆರೆದು, ನಮ್ಮ ಕೋರಿಕೆ ಕೇಳಿಸಿಕೊಂಡು, “ನನ್ನೊಳಗೆ ಏನೋ ಕೆಟ್ಟಿದೆ” ಅಂತ ಉತ್ತರವನ್ನೂ ಕೊಟ್ಟಿತ್ತು. ನಾವು ಅದನ್ನ “ಇಲ್ಲ” ಅಂತ ಓದಿಕೊಂಡೆವು. ಜ್ವರ, ಹೊಟ್ಟೆನೋವು, ಹಾವು ಕಡಿತ ಎಲ್ಲಕ್ಕೂ “ಹುಷಾರಿಲ್ಲ” ಅಂದರೆ ಡಾಕ್ಟರು ಏನು ಔಷಧಿ ಕೊಟ್ಟಾರು? “ಸರ್ವರ್ ಇಲ್ಲ” ಅನ್ನೋದೂ ಹಾಗೇ, ಹತ್ತು ಕಾಯಿಲೆಗೆ ಒಂದೇ ಹೆಸರು. ಆ ಹತ್ತರಲ್ಲಿ ಒಂದು ಕಾಯಿಲೆಯ ಇತಿಹಾಸ ಇದು. ವೆಬ್ ಸರ್ವರಿನ ಹೊಟ್ಟೆಯೊಳಗೇ ಇನ್ನೊಂದು ಭಾಷೆಯನ್ನ ಕೂರಿಸಿದಾಗ ಹುಟ್ಟಿದ ಕಾಯಿಲೆ ಮತ್ತು ಅದನ್ನ ಪತ್ತೆ ಹಚ್ಚೋದು ಕಲಿತವರ ಕಥೆ.

ಒಂದು ದೋಸೆಗೆ ಒಬ್ಬ ಭಟ್ಟ

ಸರ್ವರ್ ಅಂದರೆ ಹೋಟೆಲಿನ ಸಪ್ಲೈಯರ್ ಅಂದುಕೊಳ್ಳಿ. ನೀವು ಫೋನಿನಲ್ಲಿ ಒಂದು ವಿಳಾಸ ಒತ್ತಿದರೆ ಅದು ಆರ್ಡರ್ ಕೊಟ್ಟ ಹಾಗೆ. ಸಪ್ಲೈಯರ್ ಒಳಗಿಂದ ಪುಟ ತಂದು ನಿಮ್ಮ ಮುಂದೆ ಇಡುತ್ತಾನೆ. ವೆಬ್ಬಿನ ಮೊದಲ ದಿನಗಳಲ್ಲಿ ಬಹುಪಾಲು ಪುಟಗಳು ಮೊದಲೇ ಮಾಡಿಟ್ಟ ಚಕ್ಕುಲಿ, ಕೋಡುಬಳೆ ಇದ್ದ ಹಾಗೆ. ಡಬ್ಬಿಯಿಂದ ತೆಗೆದು ಕೊಟ್ಟರೆ ಮುಗೀತು. ಯಾರು ಕೇಳಿದರೂ ಅದೇ ಪುಟ.

ಆದರೆ ನನ್ನ ಹೆಸರು ಹಾಕಿದರೆ ನನ್ನ ವಿವರ, ನಿಮ್ಮ ಹೆಸರು ಹಾಕಿದರೆ ನಿಮ್ಮ ವಿವರ ಬರಬೇಕಾದರೆ ಪುಟವನ್ನ ಆ ಕ್ಷಣದಲ್ಲೇ ಬಿಸಿಬಿಸಿ ಮಾಡಬೇಕು. ಅದಕ್ಕೆ ಅಡುಗೆ ಭಟ್ಟ ಬೇಕು. ಆ ಭಟ್ಟನೇ ಸ್ಕ್ರಿಪ್ಟ್ ಭಾಷೆ.

1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎ ಕೇಂದ್ರದಲ್ಲಿ ಇದಕ್ಕೊಂದು ಪದ್ಧತಿ ಹುಟ್ಟಿತು. ಅಲ್ಲಿನ ವೆಬ್ ಸರ್ವರ್ ಬರೆದ ರಾಬ್ ಮೆಕೂಲ್ ಇದರ ಹಿಂದಿದ್ದವರಲ್ಲಿ ಪ್ರಮುಖರು. ಹೆಸರು ಸಿಜಿಐ, ಕಾಮನ್ ಗೇಟ್‌ವೇ ಇಂಟರ್ಫೇಸ್. ಕೆಲಸ ಸರಳ. ಆರ್ಡರ್ ಬಂದ ತಕ್ಷಣ ಸರ್ವರ್ ಹೊರಗಿನ ಒಂದು ಪ್ರೋಗ್ರಾಮನ್ನ ಎಬ್ಬಿಸುತ್ತದೆ. ಅದು ಪುಟ ತಯಾರಿಸಿ ಕೊಟ್ಟು ಸಾಯುತ್ತದೆ. ಆ ಕಾಲದಲ್ಲಿ ಈ ಪ್ರೋಗ್ರಾಮುಗಳನ್ನ ಹೆಚ್ಚಾಗಿ ಬರೆಯುತ್ತಿದ್ದದ್ದು ಪರ್ಲ್ ಭಾಷೆಯಲ್ಲಿ. ಪರ್ಲ್ ಅನ್ನು ಲ್ಯಾರಿ ವಾಲ್ 1987ರಲ್ಲಿ ಹೊರತಂದಿದ್ದರು.

ಹೋಟೆಲ್ ಲೆಕ್ಕದಲ್ಲಿ ಹೇಳಬೇಕೆಂದರೆ, ಒಬ್ಬ ಗಿರಾಕಿ ಮಸಾಲೆ ದೋಸೆ ಕೇಳಿದರೆ ಊರಿಂದ ಭಟ್ಟನನ್ನ ಕರೆಸೋದು. ಅವನು ಬಂದು ಒಲೆ ಹಚ್ಚಿ, ಕಾವಲಿ ಕಾಯಿಸಿ, ಪಾಕವಿಧಾನದ ಚೀಟಿಯನ್ನ ಮೊದಲಿಂದ ಓದಿ, ಒಂದು ದೋಸೆ ಹುಯ್ದು, ಒಲೆ ಆರಿಸಿ ಊರಿಗೆ ವಾಪಸ್ ಹೋಗೋದು. ಮುಂದಿನ ಗಿರಾಕಿ ಬಂದಾಗ ಮತ್ತೆ ಕರೆಸೋದು.

ಇದರಲ್ಲಿ ಒಂದು ಒಳ್ಳೆ ಗುಣ ಇತ್ತು. ಭಟ್ಟನಿಗೆ ತಲೆ ಕೆಟ್ಟರೆ ಕೆಡೋದು ಒಂದು ದೋಸೆ ಮಾತ್ರ. ಅವನು ಹೋದ ಮೇಲೆ ಅಡುಗೆಮನೆ ಖಾಲಿ, ಚೊಕ್ಕಟ. ಕೆಟ್ಟ ಗುಣ ಅಂದರೆ ನಿಧಾನ. ನಾಲ್ಕು ಗಿರಾಕಿ ಇದ್ದಾಗ ಸರಿ, ನಾನೂರು ಜನ ಒಟ್ಟಿಗೆ ಬಂದರೆ ಭಟ್ಟರ ಓಡಾಟಕ್ಕೇ ಹೋಟೆಲ್ ತುಂಬಿಹೋಗುತ್ತಿತ್ತು.

ಭಟ್ಟ ಮನೆಯೊಳಗೆ ಬಂದ

1994ರ ಮಧ್ಯದಲ್ಲಿ ಮೆಕೂಲ್ ಎನ್‌ಸಿಎಸ್‌ಎ ಬಿಟ್ಟರು, ಆ ಸರ್ವರಿನ ಕೆಲಸ ಕುಂಟಿತು. ಅದನ್ನ ಬಳಸುತ್ತಿದ್ದ ಕೆಲವರು ತಮ್ಮ ತಮ್ಮ ತೇಪೆಗಳನ್ನ ಒಟ್ಟುಗೂಡಿಸಿ 1995ರಲ್ಲಿ ಅಪಾಚೆ ಅನ್ನೋ ಸರ್ವರ್ ಕಟ್ಟಿದರು. ಮರುವರ್ಷ, 1996ರ ಏಪ್ರಿಲ್ ಹೊತ್ತಿಗೆ ಅದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯ ವೆಬ್ ಸರ್ವರ್ ಆಗಿತ್ತು. ಅಪಾಚೆಯ ಒಂದು ವಿಶೇಷ ಏನೆಂದರೆ, ಅದಕ್ಕೆ ಮಾಡ್ಯೂಲ್ ಅನ್ನೋ ಬಿಡಿಭಾಗಗಳನ್ನ ಸೇರಿಸಬಹುದಿತ್ತು. ಟ್ರ್ಯಾಕ್ಟರಿಗೆ ನೇಗಿಲು, ಟ್ರೇಲರ್, ರೋಟವೇಟರ್ ಸಿಕ್ಕಿಸಿದ ಹಾಗೆ.

ಹಾಗಾದರೆ ಭಟ್ಟನನ್ನೇ ಒಂದು ಬಿಡಿಭಾಗ ಮಾಡಿ ಒಳಗೆ ಕೂರಿಸಿದರೆ? 1996ರಲ್ಲಿ ಇದು ಆಯಿತು. ನಾರ್ವೆಯ ಗಿಸ್ಲೆ ಆಸ್ ಶುರು ಮಾಡಿದ್ದನ್ನ ಡಗ್ ಮ್ಯಾಕ್‌ಈಚರ್ನ್ ಕೈಗೆತ್ತಿಕೊಂಡು ಬೆಳೆಸಿದರು. ಅದರ ಹೆಸರು ಮಾಡ್-ಪರ್ಲ್. ಪರ್ಲ್ ಭಾಷೆ ಈಗ ಅಪಾಚೆಯ ಒಳಗೇ ಸದಾ ಎಚ್ಚರವಾಗಿರುತ್ತಿತ್ತು. ಒಲೆ ಆರುತ್ತಿರಲಿಲ್ಲ, ಚೀಟಿಯನ್ನ ಮತ್ತೆ ಮತ್ತೆ ಓದಬೇಕಿರಲಿಲ್ಲ. ಅದೇ ಸ್ಕ್ರಿಪ್ಟು ಹಲವು ಪಟ್ಟು ವೇಗವಾಗಿ ಓಡತೊಡಗಿತು. ಸಿನಿಮಾ ಮಾಹಿತಿಯ ಐಎಂಡಿಬಿ, ತಂತ್ರಜ್ಞಾನ ಸುದ್ದಿಯ ಸ್ಲ್ಯಾಶ್‌ಡಾಟ್‌ನಂಥ ದೊಡ್ಡ ತಾಣಗಳು ಇದರ ಮೇಲೆ ನಿಂತವು.

ಇಲ್ಲಿಂದಲೇ ಕಾಯಿಲೆಯ ಕಥೆ ಶುರು.

ಕಾವಲಿ ಮೇಲಿನ ಈರುಳ್ಳಿ

ಅಪಾಚೆ ಆಗ ಒಂದೇ ಒಲೆಯ ಹೋಟೆಲ್ ಆಗಿರಲಿಲ್ಲ. ತನ್ನದೇ ಹಲವು ಪ್ರತಿಗಳನ್ನ ಎಬ್ಬಿಸಿ ಇಟ್ಟುಕೊಳ್ಳುತ್ತಿತ್ತು. ಇವನ್ನ ಚೈಲ್ಡ್ ಪ್ರೊಸೆಸ್ ಅಂತಾರೆ, ಮರಿ ಸರ್ವರ್ ಅನ್ನೋಣ. ಪ್ರತಿ ಮರಿಯ ಒಳಗೂ ಒಬ್ಬ ಭಟ್ಟ, ಒಂದು ಒಲೆ, ಒಂದು ಕಾವಲಿ. ನಿಮ್ಮ ಆರ್ಡರ್ ಯಾವ ಒಲೆಗೆ ಹೋಗುತ್ತದೋ ನಿಮಗೆ ಗೊತ್ತಾಗೋದಿಲ್ಲ.

ದೋಸೆ ಭಟ್ಟ ಕಾವಲಿಗೆ ನೀರು ಚಿಮುಕಿಸಿ ಪೊರಕೆಯಿಂದ ಗುಡಿಸೋದನ್ನ ನೀವು ನೋಡಿದ್ದೀರಿ. ಅದೊಂದು ಮರೆತರೆ? ಮೊದಲನೆಯವನ ಈರುಳ್ಳಿ ಎರಡನೆಯವನ ದೋಸೆಗೆ ಅಂಟುತ್ತದೆ. ಎರಡನೆಯವನು ಏಕಾದಶಿಯವನಾದರೆ ಜಗಳವೇ.

ಮಾಡ್-ಪರ್ಲ್‌ನಲ್ಲಿ ಆಗಿದ್ದು ಇದೇ. ಹಳೆ ಸಿಜಿಐ ಸ್ಕ್ರಿಪ್ಟುಗಳನ್ನ ಬದಲಿಸದೆ ಓಡಿಸಲು ಅದರಲ್ಲಿ ‘ರಿಜಿಸ್ಟ್ರಿ’ ಅನ್ನೋ ಸೌಲಭ್ಯ ಇತ್ತು. ಅದು ಸ್ಕ್ರಿಪ್ಟನ್ನ ಇಡಿಯಾಗಿ ಒಂದು ದೊಡ್ಡ ಫಂಕ್ಷನ್ನಿನೊಳಗೆ ಸುತ್ತಿ ಇಟ್ಟುಕೊಳ್ಳುತ್ತಿತ್ತು. ಆಗ ಸ್ಕ್ರಿಪ್ಟಿನಲ್ಲಿ ಮೊದಲೇ ಇದ್ದ ಸಣ್ಣ ಫಂಕ್ಷನ್ನುಗಳು ದೊಡ್ಡದರ ಹೊಟ್ಟೆಯೊಳಗೆ ಸೇರಿಹೋಗುತ್ತಿದ್ದವು. ಪರ್ಲ್ ಭಾಷೆಯ ನಿಯಮದ ಪ್ರಕಾರ, ಹಾಗೆ ಒಳಗೆ ಸಿಕ್ಕ ಫಂಕ್ಷನ್ನು ಹೊರಗಿನ ಹೆಸರೊಂದನ್ನ ಮೊದಲ ಸಲ ಹಿಡಿದ ಬೆಲೆಗೇ ಅಂಟಿಕೊಂಡುಬಿಡುತ್ತದೆ. ಮೊದಲ ಗಿರಾಕಿಯ ಹೆಸರು ‘ಕ’ ಅಂತಿದ್ದರೆ, ಎರಡನೇ ಗಿರಾಕಿ ‘ಖ’ ಬಂದಾಗಲೂ ಅದಕ್ಕೆ ಕಾಣೋದು ‘ಕ’ ಮಾತ್ರ. ಆ ಮರಿ ಸರ್ವರ್ ಬದುಕಿರೋ ತನಕ ಹಾಗೇ.

ಸಿಜಿಐ ಕಾಲದಲ್ಲಿ ಈ ತೊಂದರೆ ಯಾರಿಗೂ ಕಂಡಿರಲಿಲ್ಲ. ಅಲ್ಲಿ ಸುತ್ತೋ ಫಂಕ್ಷನ್ನೇ ಇರಲಿಲ್ಲ, ಭಟ್ಟ ಒಂದು ದೋಸೆಗೇ ಊರಿಗೆ ಹೋಗುತ್ತಿದ್ದ. ಒಳಗೆ ಕೂರಿಸಿದ ಮೇಲೆ ನೆನಪು ಉಳಿಯತೊಡಗಿತು.

ಇದು ತಮಾಷೆಯ ಮಾತಲ್ಲ. ಆ ಹೆಸರಿನ ಜಾಗದಲ್ಲಿ ಖಾತೆ ಸಂಖ್ಯೆ ಇದ್ದರೆ? ರೋಗಿಯ ವರದಿ ಇದ್ದರೆ? ನಿಮ್ಮ ವಿವರ ಕೇಳಿದ ನಿಮಗೆ ಪಕ್ಕದೂರಿನವರ ವಿವರ ಬಂದರೆ? ಅಲ್ಲಿ ದೋಷ ಅಂತ ಕೂಗಿ ಹೇಳೋ ಯಾವ ಕೆಂಪು ಅಕ್ಷರವೂ ಇರೋದಿಲ್ಲ. ಪುಟ ಚೆನ್ನಾಗಿ ಬಂದಿರುತ್ತದೆ, ಆದರೆ ತಪ್ಪು ಮನುಷ್ಯನದು.

ಇನ್ನೂ ಕಷ್ಟ ಏನೆಂದರೆ ಈ ದೋಷ ಒಮ್ಮೆ ಕಾಣುತ್ತಿತ್ತು, ಒಮ್ಮೆ ಕಾಣುತ್ತಿರಲಿಲ್ಲ. ಪುಟವನ್ನ ಮತ್ತೆ ಒತ್ತಿದರೆ ಆರ್ಡರ್ ಬೇರೆ ಒಲೆಗೆ ಹೋಗುತ್ತಿತ್ತು, ಅಲ್ಲಿ ಕಾವಲಿ ಸ್ವಚ್ಛ. “ನನಗೆ ಸರಿಯಾಗೇ ಬರ್ತಿದೆಯಲ್ಲ” ಅನ್ನುತ್ತಿದ್ದರು ಪ್ರೋಗ್ರಾಮ್ ಬರೆದವರು. ಹಲ್ಲುನೋವು ಡಾಕ್ಟರ ಮನೆ ಬಾಗಿಲಿಗೆ ಹೋದಾಗ ಮಾಯ ಆಗುತ್ತಲ್ಲ, ಹಾಗೆ.

ಒಂದೇ ಒಲೆ ಉಳಿಸಿಕೊಳ್ಳಿ

ಇದನ್ನ ಹಿಡಿಯೋಕೆ ಅವರು ಕಂಡುಕೊಂಡ ಉಪಾಯ ಬಹಳ ಸರಳ. ಎಲ್ಲ ಒಲೆಗಳನ್ನೂ ಆರಿಸಿ ಒಂದನ್ನ ಮಾತ್ರ ಉಳಿಸಿಕೊಳ್ಳಿ. ಅಪಾಚೆಯನ್ನ ‘ಎಕ್ಸ್’ ಅನ್ನೋ ಗುರುತು ಕೊಟ್ಟು ಚಾಲೂ ಮಾಡಿದರೆ ಅದು ಮರಿಗಳನ್ನ ಹಾಕದೆ ಒಂಟಿಯಾಗಿ ಓಡುತ್ತದೆ. ಆಗ ಪ್ರತಿ ಆರ್ಡರೂ ಅದೇ ಕಾವಲಿಗೆ ಬರಬೇಕು. ಎರಡನೇ ದೋಸೆಯಲ್ಲೇ ಈರುಳ್ಳಿ ಸಿಕ್ಕಿಬೀಳುತ್ತದೆ.

ನಡೆಯುತ್ತಿರೋ ತಾಣವನ್ನ ಹಾಗೆ ಒಂಟಿ ಮಾಡೋಕೆ ಆಗದಿದ್ದಾಗ ಇನ್ನೊಂದು ಉಪಾಯ ಇತ್ತು. ಪುಟದ ಮೂಲೆಯಲ್ಲಿ ಮರಿ ಸರ್ವರಿನ ಸಂಖ್ಯೆ ಬರೋ ಹಾಗೆ ಮಾಡೋದು. ಪ್ರತಿ ಪ್ರೊಸೆಸ್ಸಿಗೂ ಕಂಪ್ಯೂಟರ್ ಒಂದು ನಂಬರ್ ಕೊಟ್ಟಿರುತ್ತದೆ. ತಪ್ಪು ಪುಟಗಳ ಮೇಲೆಲ್ಲ ಒಂದೇ ನಂಬರ್ ಕಂಡರೆ ಕಳ್ಳ ಯಾರು ಅಂತ ಗೊತ್ತಾಯಿತು.

ಮೂರನೆಯದು ಎಲ್ಲಕ್ಕಿಂತ ಹಳೆಯದು, ಹೆಚ್ಚು ಜನ ಮರೆಯೋದು: ಎರರ್ ಲಾಗ್ ಓದೋದು. ಸರ್ವರ್ ತನಗಾದ ಪ್ರತಿ ನೋವನ್ನೂ ತಾರೀಖು, ಗಂಟೆ, ನಿಮಿಷದ ಸಮೇತ ಒಂದು ಕಡತದಲ್ಲಿ ಬರೆದಿಡುತ್ತದೆ. ನಾನು ಹೇಳಿದ ಈರುಳ್ಳಿ ದೋಷಕ್ಕೂ ಪರ್ಲ್ ಎಚ್ಚರಿಕೆ ಕೊಡುತ್ತಿತ್ತು. ಎಚ್ಚರಿಕೆಗಳನ್ನ ಚಾಲೂ ಇಟ್ಟಿದ್ದರೆ, ಇಂಥ ಹೆಸರು ಹಂಚಿಕೆಯಲ್ಲಿ ಉಳಿಯೋದಿಲ್ಲ ಅನ್ನೋ ಅರ್ಥದ ಒಂದು ಸಾಲು ಲಾಗಿನಲ್ಲಿ ಬಿದ್ದಿರುತ್ತಿತ್ತು. ಪುಟ ಬರುತ್ತಿದೆಯಲ್ಲ ಅಂತ ಯಾರೂ ಅತ್ತ ತಿರುಗುತ್ತಿರಲಿಲ್ಲ, ಅಷ್ಟೇ.

ಈ ಅನುಭವಗಳನ್ನೆಲ್ಲ ಸ್ಟಾಸ್ ಬೆಕ್‌ಮನ್ ಅನ್ನೋರು ತಾಳ್ಮೆಯಿಂದ ಒಂದು ದೊಡ್ಡ ಕೈಪಿಡಿಯಾಗಿ ಬರೆದು ಯಾರು ಬೇಕಾದರೂ ಓದಲು ಬಿಟ್ಟರು. 2003ರಲ್ಲಿ ಎರಿಕ್ ಶೋಲೆ ಜೊತೆ ಸೇರಿ ‘ಪ್ರ್ಯಾಕ್ಟಿಕಲ್ ಮಾಡ್-ಪರ್ಲ್’ ಅನ್ನೋ ದಪ್ಪ ಪುಸ್ತಕವನ್ನೂ ತಂದರು. ಇಂಥ ಲಕ್ಷಣ ಕಂಡರೆ ಇಲ್ಲಿ ನೋಡು ಅಂತ ಹೇಳೋ ಬರವಣಿಗೆ ಅದು. ನಾಟಿ ವೈದ್ಯರು ತಮ್ಮ ಗುಟ್ಟು ತಮ್ಮ ಜೊತೆಗೇ ತೆಗೆದುಕೊಂಡು ಹೋದ ಕಥೆ ನಮ್ಮೂರುಗಳಲ್ಲಿ ಬೇಕಾದಷ್ಟಿದೆ. ಇಲ್ಲಿ ಹಾಗಾಗಲಿಲ್ಲ.

ಒಂದೇ ಮನೆಯಲ್ಲಿ ಇಬ್ಬರು ಮಂಜ

ಎರಡನೇ ಕಾಯಿಲೆ ಇನ್ನೂ ವಿಚಿತ್ರ. ಗಿರಾಕಿಗೆ ಪುಟವೇ ಬರುತ್ತಿರಲಿಲ್ಲ. ಆ ಕಾಲದ ನೆಟ್‌ಸ್ಕೇಪ್ ಬ್ರೌಸರ್ “ಇದರಲ್ಲಿ ಏನೂ ಇಲ್ಲ” ಅನ್ನೋ ಅರ್ಥದ ಒಂದು ಪೆಟ್ಟಿಗೆ ತೋರಿಸಿ ಸುಮ್ಮನಾಗುತ್ತಿತ್ತು. ಎರರ್ ಲಾಗ್ ತೆರೆದರೆ ಒಂದು ಮರಿ ಸರ್ವರ್ ‘ಸೆಗ್ಮೆಂಟೇಶನ್ ಫಾಲ್ಟ್, 11’ ಅನ್ನೋ ಕಾರಣಕ್ಕೆ ಸತ್ತಿದೆ ಅಂತ ಬರೆದಿರುತ್ತಿತ್ತು. ತನ್ನದಲ್ಲದ ನೆನಪಿನ ಜಾಗಕ್ಕೆ ಕೈ ಹಾಕಿದ ಪ್ರೋಗ್ರಾಮನ್ನ ಕಂಪ್ಯೂಟರೇ ನಿಲ್ಲಿಸಿಬಿಟ್ಟಿದೆ ಅಂತ ಅದರ ಅರ್ಥ.

ಯಾಕೆ ಹಾಗಾಗುತ್ತಿತ್ತು? ಒಂದು ಪ್ರಸಿದ್ಧ ಪ್ರಕರಣ ನೋಡಿ. ಎಕ್ಸ್‌ಎಂಎಲ್ ಅನ್ನೋ ಬಗೆಯ ಕಡತ ಓದೋಕೆ ಜೇಮ್ಸ್ ಕ್ಲಾರ್ಕ್ ಬರೆದ ‘ಎಕ್ಸ್‌ಪ್ಯಾಟ್’ ಅನ್ನೋ ಸಲಕರಣೆ ಇದೆ. ಅಪಾಚೆ 1.3 ಸರಣಿ ತನ್ನೊಳಗೆ ಅದರ ಒಂದು ಪ್ರತಿ ಇಟ್ಟುಕೊಂಡಿತ್ತು. ಪರ್ಲ್‌ನ ಎಕ್ಸ್‌ಎಂಎಲ್ ಓದುವ ಭಾಗ ಅದೇ ಸಲಕರಣೆಯ ಬೇರೊಂದು ಪ್ರತಿ ತಂದಿತ್ತು. ಎರಡೂ ಬೇರೆ ಬೇರೆ ಮನೆಯಲ್ಲಿದ್ದಾಗ ತಕರಾರಿಲ್ಲ. ಭಟ್ಟನನ್ನ ಒಳಗೆ ಕರೆದ ಮೇಲೆ ಒಂದೇ ಅಡುಗೆಮನೆಯಲ್ಲಿ ಇಬ್ಬರು ಮಂಜ. “ಮಂಜ, ಚಟ್ನಿ ತಾ” ಅಂದರೆ ಇನ್ನೊಬ್ಬ ಮಂಜ ಓಡಿಬಂದು ಸಾಂಬಾರ್ ಸುರಿಯುತ್ತಿದ್ದ. ಪರ್ಲ್ ಕರೆದದ್ದು ತನ್ನದನ್ನ, ಸಿಕ್ಕಿದ್ದು ಅಪಾಚೆಯದು. ಒಳರಚನೆ ಹೊಂದದೆ ಸರ್ವರ್ ಕುಸಿಯುತ್ತಿತ್ತು.

ಅಪಾಚೆಯನ್ನ ಅದರ ಸ್ವಂತ ಎಕ್ಸ್‌ಪ್ಯಾಟ್ ಇಲ್ಲದೆ ಮತ್ತೆ ಕಟ್ಟಿದರೆ ಕಾಯಿಲೆ ವಾಸಿ. ಪಿಎಚ್‌ಪಿ ಮತ್ತು ಪರ್ಲ್ ಎರಡನ್ನೂ ಒಂದೇ ಅಪಾಚೆಗೆ ಸೇರಿಸಿದವರಿಗೆ ಮೈಎಸ್‌ಕ್ಯೂಎಲ್ ಸಲಕರಣೆಯ ವಿಷಯದಲ್ಲೂ ಇದೇ ಗೋಳು ಬಂತು, ಇದೇ ಮದ್ದು ಹಿಡಿಯಿತು: ಇಬ್ಬರೂ ಒಂದೇ ಪ್ರತಿ ಬಳಸೋ ಹಾಗೆ ಮಾಡೋದು.

ಇಲ್ಲಿ ಪಾಠ ಏನು ಗೊತ್ತಾ? ಅಪಾಚೆಯನ್ನ ಒಂಟಿಯಾಗಿ ಪರೀಕ್ಷಿಸಿದರೆ ಆರೋಗ್ಯ. ಪರ್ಲ್ ಸ್ಕ್ರಿಪ್ಟನ್ನ ಒಂಟಿಯಾಗಿ ಓಡಿಸಿದರೂ ಆರೋಗ್ಯ. ದೋಷ ಇದ್ದದ್ದು ಇಬ್ಬರ ಸಹವಾಸದಲ್ಲಿ.

ಪ್ರತಿ ದೋಸೆಗೂ ಪೊರಕೆ

ಇದೇ ಹೊತ್ತಿಗೆ ಇನ್ನೊಬ್ಬ ಭಟ್ಟ ಬೆಳೆಯುತ್ತಿದ್ದ. ಗ್ರೀನ್‌ಲ್ಯಾಂಡಿನಲ್ಲಿ ಹುಟ್ಟಿದ ರಾಸ್ಮಸ್ ಲೆರ್ಡಾರ್ಫ್ ತಮ್ಮ ಸ್ವಂತ ವೆಬ್ ಪುಟಕ್ಕೆ ಯಾರು ಬಂದು ಹೋಗುತ್ತಾರೆ ಅಂತ ತಿಳಿಯೋಕೆ ಬರೆದುಕೊಂಡ ಸಣ್ಣ ಸಲಕರಣೆಗಳನ್ನ 1995ರ ಜೂನ್ 8ರಂದು ಎಲ್ಲರಿಗೂ ಬಿಟ್ಟುಕೊಟ್ಟರು. ಅದೇ ಪಿಎಚ್‌ಪಿ. ಇಸ್ರೇಲಿನ ವಿದ್ಯಾರ್ಥಿಗಳಾಗಿದ್ದ ಆಂಡಿ ಗುಟ್‌ಮನ್ಸ್ ಮತ್ತು ಝೀವ್ ಸುರಾಸ್ಕಿ ಅದನ್ನ ಹೊಸದಾಗಿ ಬರೆದರು. 1998ರಲ್ಲಿ ಮೂರನೇ ಆವೃತ್ತಿ, 2000ದಲ್ಲಿ ನಾಲ್ಕನೇ ಆವೃತ್ತಿ ಬಂತು.

ಪಿಎಚ್‌ಪಿಯೂ ಅಪಾಚೆಯ ಒಳಗೇ ಕೂತಿತು. ಆದರೆ ಒಂದು ಶಿಸ್ತು ಇಟ್ಟುಕೊಂಡಿತು. ಪ್ರತಿ ಆರ್ಡರ್ ಮುಗಿದ ಕೂಡಲೇ ಸ್ಕ್ರಿಪ್ಟಿನ ಎಲ್ಲ ಹೆಸರು, ಎಲ್ಲ ಬೆಲೆಗಳನ್ನೂ ಅಳಿಸಿಹಾಕೋದು. ಒಲೆ ಆರಿಸೋದಿಲ್ಲ, ಕಾವಲಿ ಮಾತ್ರ ಪ್ರತಿ ದೋಸೆಗೂ ಗುಡಿಸುತ್ತದೆ. ಹಾಗಾಗಿ ಅರೆಬರೆ ಕಲಿತವರು ಬರೆದ ಪ್ರೋಗ್ರಾಮೂ ತಕ್ಕಮಟ್ಟಿಗೆ ಓಡುತ್ತಿತ್ತು. ಪಿಎಚ್‌ಪಿ ಜಗತ್ತೆಲ್ಲ ಹಬ್ಬಲು ಇದೂ ಒಂದು ಕಾರಣ.

ಆದರೆ ಅದಕ್ಕೂ ಅದರದೇ ಕಾಯಿಲೆಗಳು. ನಾನು ಪತ್ರಿಕೋದ್ಯಮ ಡಿಪ್ಲೊಮಾ ಓದುವಾಗ ನಾಲ್ಕು ಜನ ಗೆಳೆಯರು ಲ್ಯಾಬಿನ ಹಳೆ ಕಂಪ್ಯೂಟರಿನಲ್ಲಿ ಒಂದು ಸುದ್ದಿ ತಾಣ ಕಟ್ಟಲು ಹೊರಟಿದ್ದೆವು. ಒಂದು ಬೆಳಿಗ್ಗೆ ಪುಟ ತೆರೆದರೆ ಸುದ್ದಿ ಇಲ್ಲ, ಬರೀ ಪ್ರೋಗ್ರಾಮಿನ ಸಾಲುಗಳು. ಅದರ ನಡುವೆ ನಮ್ಮ ಡೇಟಾಬೇಸಿನ ಪಾಸ್‌ವರ್ಡ್ ರಾರಾಜಿಸುತ್ತಿತ್ತು! ಹಿಂದಿನ ರಾತ್ರಿ ಸೆಟ್ಟಿಂಗ್ ಕಡತದಲ್ಲಿ ಕೈಯಾಡಿಸುವಾಗ ಒಂದು ಸಾಲು ಅಳಿಸಿಹೋಗಿತ್ತು. ಪಿಎಚ್‌ಪಿ ಕಡತ ಬಂದರೆ ಭಟ್ಟನಿಗೆ ಕೊಡು ಅಂತ ಅಪಾಚೆಗೆ ಹೇಳೋ ಸಾಲು ಅದು. ಅಪಾಚೆ ಪಾಪ, ದೋಸೆ ಬದಲು ಪಾಕವಿಧಾನದ ಚೀಟಿಯನ್ನೇ ತಟ್ಟೆಯಲ್ಲಿಟ್ಟು ಕೊಟ್ಟಿತ್ತು. ನಮ್ಮ ಅದೃಷ್ಟಕ್ಕೆ ಅದು ಲ್ಯಾಬಿನ ಗೋಡೆ ದಾಟಿರಲಿಲ್ಲ.

ದೊಡ್ಡವರೂ ಇದರಿಂದ ತಪ್ಪಿಸಿಕೊಂಡಿಲ್ಲ. 2007ರ ಆಗಸ್ಟಿನಲ್ಲಿ ಫೇಸ್‌ಬುಕ್‌ನ ಮುಖಪುಟದ ಪಿಎಚ್‌ಪಿ ಸಾಲುಗಳೇ ಕೆಲವರ ಪರದೆಯ ಮೇಲೆ ಬಂದವು. ತಪ್ಪಾಗಿ ಹೊಂದಿಸಿದ ಒಂದೇ ಒಂದು ಸರ್ವರಿನಿಂದ ಹೀಗಾಯಿತು ಅಂತ ಕಂಪನಿ ಹೇಳಿತು.

ಪಿಎಚ್‌ಪಿ ಕಾಯಿಲೆ ಹಿಡಿಯೋರು ಮೊದಲು ಕೇಳೋದು ಎರಡು ಪ್ರಶ್ನೆ. ಮೊದಲನೆಯದು, ಭಟ್ಟ ಒಳಗಿದ್ದಾನೋ ಹೊರಗಿದ್ದಾನೋ? ಪಿಎಚ್‌ಪಿಇನ್ಫೊ ಅನ್ನೋ ಒಂದು ಸಾಲಿನ ಪುಟ ಇದನ್ನ ಹೇಳುತ್ತದೆ, ಯಾವ ಸೆಟ್ಟಿಂಗ್ ಕಡತ ಓದಿದೆ ಅಂತಲೂ ಹೇಳುತ್ತದೆ. ಕೈಯಿಂದ ಓಡಿಸಿದರೆ ಸರಿ, ಬ್ರೌಸರಿನಲ್ಲಿ ತಪ್ಪು ಅನ್ನೋ ದೂರಿಗೆ ಎಷ್ಟೋ ಸಲ ಕಾರಣ ಇಷ್ಟೇ: ಎರಡು ಕಡೆ ಎರಡು ಬೇರೆ ಸೆಟ್ಟಿಂಗ್ ಕಡತ.

ಎರಡನೆಯದು, ಭಟ್ಟ ಯಾರ ಹೆಸರಿನಲ್ಲಿ ಕೆಲಸ ಮಾಡುತ್ತಿದ್ದಾನೆ? ಸರ್ವರ್ ಓಡೋದು ನಿಮ್ಮ ಹೆಸರಿನಲ್ಲಲ್ಲ. ಎಷ್ಟೋ ಯಂತ್ರಗಳಲ್ಲಿ ಆ ಬಳಕೆದಾರನ ಹೆಸರೇ ‘ನೋಬಡಿ’, ಅಂದರೆ ಯಾರೂ ಅಲ್ಲ. ನಿಮಗೆ ತೆರೆಯೋ ಬೀರು ಯಾರೂ ಅಲ್ಲದವನಿಗೆ ತೆರೆಯೋದಿಲ್ಲ. ಪುಟ ಬೆಳ್ಳಗೆ ಖಾಲಿ ಬರುತ್ತದೆ, ಲಾಗಿನಲ್ಲಿ ಮಾತ್ರ ‘ಅನುಮತಿ ಇಲ್ಲ’ ಅಂತ ಇರುತ್ತದೆ. ಇದರ ಇನ್ನೊಂದು ಮಗ್ಗುಲು ಅಪಾಯದ್ದು. ಒಂದು ಸರ್ವರಿನಲ್ಲಿ ನೂರು ಜನ ಬಾಡಿಗೆಗಿದ್ದರೆ ನೂರು ಜನರ ಅಡುಗೆಯನ್ನೂ ಮಾಡೋನು ಅದೇ ಯಾರೂ ಅಲ್ಲದವನು. ಒಬ್ಬರ ಸ್ಕ್ರಿಪ್ಟು ಇನ್ನೊಬ್ಬರ ಬೀರು ಇಣುಕಬಹುದು. ಅದಕ್ಕೆ ‘ಸೇಫ್ ಮೋಡ್’ ಅನ್ನೋ ಬೇಲಿ ಹಾಕಿದರು. ಬೇಲಿ ಸರಿಯಾಗಿ ತಡೆಯಲಿಲ್ಲ, 2012ರ 5.4 ಆವೃತ್ತಿಯಲ್ಲಿ ಅದನ್ನೇ ತೆಗೆದುಹಾಕಿದರು.

ಭಟ್ಟನಿಗೆ ಬೇರೆ ಮನೆ

2002ರಲ್ಲಿ ಅಪಾಚೆ 2.0 ಬಂತು. ಅದರಲ್ಲಿ ಒಂದೇ ಮರಿ ಸರ್ವರಿನೊಳಗೆ ಹಲವು ಕೈಗಳು ಒಟ್ಟಿಗೆ ಕೆಲಸ ಮಾಡೋ ಥ್ರೆಡ್ ಪದ್ಧತಿ ಇತ್ತು. ಆದರೆ ಪಿಎಚ್‌ಪಿಯವರು ಬಳಕೆದಾರರಿಗೆ ಹಳೆ ಪದ್ಧತಿಯಲ್ಲೇ ಇರಿ ಅಂದರು. ಪಿಎಚ್‌ಪಿ ಹತ್ತಾರು ಹೊರಗಿನ ಸಲಕರಣೆಗಳನ್ನ ಅಂಟಿಸಿ ಕೆಲಸ ಮಾಡುತ್ತದೆ, ಅವುಗಳಲ್ಲಿ ಯಾವುದು ಗುಂಪಿನಲ್ಲಿ ಸುರಕ್ಷಿತ ಯಾವುದು ಅಲ್ಲ ಅಂತ ಖಾತ್ರಿ ಇಲ್ಲ ಅನ್ನೋದು ಕಾರಣ. ಒಳಗಿರೋ ಅತಿಥಿಗಾಗಿ ಮನೆಯೇ ಬದಲಾಗದೆ ನಿಲ್ಲಬೇಕಾಯಿತು.

ಕೊನೆಗೆ ಜನ ಹಳೆ ದಾರಿಗೇ ತಿರುಗಿದರು, ಆದರೆ ಕಲಿತ ಪಾಠದ ಜೊತೆ. 1996ರಲ್ಲೇ ಓಪನ್ ಮಾರ್ಕೆಟ್ ಅನ್ನೋ ಕಂಪನಿ ‘ಫಾಸ್ಟ್‌ಸಿಜಿಐ’ ಅಂತ ಒಂದು ಪದ್ಧತಿ ಮಾಡಿತ್ತು. ಭಟ್ಟನಿಗೆ ಪಕ್ಕದಲ್ಲೇ ಬೇರೆ ಮನೆ, ಒಲೆ ಸದಾ ಉರಿಯುತ್ತಿರುತ್ತದೆ, ನಡುವೆ ಒಂದು ಕಿಟಕಿ. ಸಪ್ಲೈಯರ್ ಕಿಟಕಿಯಲ್ಲಿ ಆರ್ಡರ್ ಕೊಟ್ಟು ತಟ್ಟೆ ತೆಗೆದುಕೊಳ್ಳುತ್ತಾನೆ. ಪಿಎಚ್‌ಪಿಗೆ ಈ ಬಗೆಯ ವ್ಯವಸ್ಥೆಯನ್ನ ಆಂಡ್ರೇ ನಿಗ್ಮಾಟುಲಿನ್ ಕಟ್ಟಿದರು. ಎಫ್‌ಪಿಎಂ ಅನ್ನೋ ಅದು 2010ರ ಜುಲೈನಲ್ಲಿ 5.3.3 ಆವೃತ್ತಿಯೊಳಗೆ ಸೇರಿತು. ರಷ್ಯಾದ ಇಗೋರ್ ಸಿಸೋಯೆವ್ 2004ರಲ್ಲಿ ಹೊರತಂದ ಎಂಜಿನ್‌ಎಕ್ಸ್ ಸರ್ವರ್ ಕೂಡ ಪಿಎಚ್‌ಪಿಯನ್ನ ಹೊಟ್ಟೆಯೊಳಗೆ ಇಟ್ಟುಕೊಳ್ಳದೆ ಕಿಟಕಿಯ ದಾರಿಯನ್ನೇ ಹಿಡಿಯಿತು.

ಇದರಿಂದ ಪತ್ತೆಯ ಕೆಲಸ ಹಗುರಾಯಿತು. ಭಟ್ಟ ಸತ್ತರೂ ಸಪ್ಲೈಯರ್ ಬದುಕಿರುತ್ತಾನೆ, ಬಂದು ಹೇಳುತ್ತಾನೆ. ಎಫ್‌ಪಿಎಂ ನಿಧಾನದ ಆರ್ಡರುಗಳಿಗೆಂದೇ ಬೇರೆ ಲಾಗ್ ಇಡಬಲ್ಲದು, ಸ್ಕ್ರಿಪ್ಟು ಯಾವ ಸಾಲಿನಲ್ಲಿ ಸಿಕ್ಕಿಕೊಂಡಿದೆ ಅಂತ ಅದರಲ್ಲಿ ಬರೆಯುತ್ತದೆ.

ಹಾಗಂತ ಒಳಗೆ ಕೂರಿಸೋ ಆಸೆ ಸತ್ತಿಲ್ಲ. ಬ್ರೆಜಿಲ್‌ನಲ್ಲಿ 1993ರಲ್ಲಿ ಹುಟ್ಟಿದ ಲುವಾ ಅನ್ನೋ ಪುಟ್ಟ ಭಾಷೆ ಎಂಜಿನ್‌ಎಕ್ಸ್ ಒಳಗೆ ಹೊಕ್ಕಿತು. ಕ್ಲೌಡ್‌ಫ್ಲೇರ್ ಕಂಪನಿ ಜಗತ್ತಿನ ಲಕ್ಷಾಂತರ ತಾಣಗಳ ಮುಂಬಾಗಿಲು ಕಾಯೋ ಕೆಲಸಕ್ಕೆ ಇದನ್ನ ಬಳಸುತ್ತಿತ್ತು. 2019ರ ಜುಲೈ 2, ನಮ್ಮ ಸಮಯ ಸಂಜೆ 7:12. ಕೆಟ್ಟ ಕೋರಿಕೆಗಳನ್ನ ಗುರುತಿಸೋ ಒಂದು ಹೊಸ ನಿಯಮವನ್ನ ಎಲ್ಲ ಯಂತ್ರಗಳಿಗೂ ಒಟ್ಟಿಗೇ ಕಳಿಸಿದರು. ಆ ನಿಯಮದೊಳಗೆ “ಯಾವುದಾದರೂ ಅಕ್ಷರಗಳು, ಆಮೇಲೆ ಮತ್ತೆ ಯಾವುದಾದರೂ ಅಕ್ಷರಗಳು, ಆಮೇಲೆ ಸಮ ಚಿಹ್ನೆ” ಅನ್ನೋ ಒಂದು ತುಂಡು ಇತ್ತು. ಮೊದಲ ಗುಂಪು ಎಲ್ಲಿ ಮುಗಿದು ಎರಡನೆಯದು ಎಲ್ಲಿ ಶುರು ಅಂತ ಯಂತ್ರ ಸಾಧ್ಯ ಇರೋ ಎಲ್ಲ ರೀತಿಯಲ್ಲೂ ತಾಳೆ ಹಾಕತೊಡಗಿತು. ಸಾಲು ಉದ್ದವಾದಷ್ಟೂ ತಾಳೆಯ ಲೆಕ್ಕ ಬೆಳೆಯುತ್ತಾ ಹೋಯಿತು. ಆ ಕೆಲಸ ಹೊತ್ತ ಯಂತ್ರಗಳ ಪ್ರೊಸೆಸರುಗಳೆಲ್ಲ ಉಸಿರುಗಟ್ಟಿದವು. ಸುಮಾರು 27 ನಿಮಿಷ ಜಗತ್ತಿನ ಮೂಲೆಮೂಲೆಯಲ್ಲಿ ಪುಟಗಳ ಬದಲು 502 ಸಂಖ್ಯೆ ಕಂಡಿತು. ಸರಿಪಡಿಸಬೇಕಾದ ನೌಕರರಿಗೂ ತಮ್ಮದೇ ನಿಯಂತ್ರಣ ಫಲಕಕ್ಕೆ ಹೋಗೋದು ಕಷ್ಟ ಆಯಿತು, ಯಾಕೆಂದರೆ ಅದರ ಬಾಗಿಲನ್ನೂ ಕಾಯುತ್ತಿದ್ದದ್ದು ಇದೇ ಕಾವಲುಗಾರ!

ಆಮೇಲೆ ಅವರು ರೀಸ್ಟಾರ್ಟ್ ಆಯಿತು ಅಂತ ಸುಮ್ಮನಾಗಲಿಲ್ಲ. ಯಾವ ನಿಯಮ, ಯಾವ ನಿಮಿಷ, ಅತಿ ಕೆಲಸ ತಡೆಯೋ ರಕ್ಷಣೆಯೊಂದನ್ನ ಕೆಲವೇ ವಾರಗಳ ಹಿಂದೆ ಹೇಗೆ ಕೈತಪ್ಪಿ ತೆಗೆದಿದ್ದೆವು ಎಲ್ಲವನ್ನೂ ಬರೆದು ಜಗತ್ತಿಗೆ ತೋರಿಸಿದರು.

ರೀಸ್ಟಾರ್ಟ್ ಅನ್ನೋ ಸಮಾಧಾನ

ರೀಸ್ಟಾರ್ಟ್ ಮಾಡಿದರೆ ಯಾಕೆ ಸರಿಹೋಗುತ್ತದೆ ಅಂತ ಈಗ ನಿಮಗೆ ಗೊತ್ತು. ಹಳೆ ಮರಿಗಳು ಸತ್ತು ಹೊಸ ಮರಿಗಳು ಹುಟ್ಟುತ್ತವೆ, ಕಾವಲಿ ಸ್ವಚ್ಛವಾಗುತ್ತದೆ. ಅಪಾಚೆಯಲ್ಲಿ ಇಂತಿಷ್ಟು ಆರ್ಡರ್ ಆದ ಮೇಲೆ ಮರಿ ತಾನೇ ಸತ್ತು ಹೊಸದು ಬರಲಿ ಅನ್ನೋ ಸೆಟ್ಟಿಂಗೇ ಇದೆ. ನೆನಪಿನ ಸೋರಿಕೆಗೆ ಇದು ಒಳ್ಳೆ ಉಪಶಮನ. ಆದರೆ ಈರುಳ್ಳಿ ಎಲ್ಲಿಂದ ಬಂತು ಅನ್ನೋದಕ್ಕೆ ಇದು ಉತ್ತರ ಅಲ್ಲ. ರೀಸ್ಟಾರ್ಟ್ ಆದಾಗ ಯಂತ್ರದೊಳಗಿನ ಸಾಕ್ಷಿ ಅಳಿಸಿಹೋಗುತ್ತದೆ, ಕಾರಣ ಅಲ್ಲೇ ಉಳಿಯುತ್ತದೆ. ನಾಡಿದ್ದು ಇನ್ನೊಬ್ಬ ಚಿಕ್ಕಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ವಾಪಸ್ ಬರುತ್ತಾರೆ.

ನಮ್ಮ ಕೈಯಲ್ಲಿ ಏನಿದೆ? ಕೌಂಟರಿನ ಹುಡುಗನನ್ನ ಬೈದು ಪ್ರಯೋಜನ ಇಲ್ಲ, ಅವನಿಗೆ ಕಾಣೋದು ಆ ಪರದೆ ಮಾತ್ರ. ಆದರೆ ಆ ಪರದೆಯ ಮೇಲಿನ ಸಂಖ್ಯೆಯನ್ನ ನಾವೂ ಓದಬಹುದು.

404 ಅಂದರೆ ನೀವು ಕೇಳಿದ ಪುಟ ಅಲ್ಲಿಲ್ಲ. 500 ಅಂದರೆ ಸರ್ವರ್ ಇದೆ, ಒಳಗಿನ ಪ್ರೋಗ್ರಾಮ್ ಎಡವಿದೆ. 502 ಅಂದರೆ ಮುಂದಿನ ಸರ್ವರ್ ಸರಿ, ಹಿಂದಿನ ಭಟ್ಟನಿಂದ ಸರಿಯಾದ ಉತ್ತರ ಬಂದಿಲ್ಲ. 503 ಅಂದರೆ ಸದ್ಯಕ್ಕೆ ಸೇವೆ ಕೊಡೋಕೆ ಆಗುತ್ತಿಲ್ಲ, ಜನಜಂಗುಳಿ ಇರಬಹುದು ಅಥವಾ ರಿಪೇರಿ ನಡೆದಿರಬಹುದು. 504 ಅಂದರೆ ಭಟ್ಟನಿಗಾಗಿ ಕಾದು ಕಾದು ಸಾಕಾಯಿತು. ಯಾವ ಸಂಖ್ಯೆಯೂ ಇಲ್ಲದೆ ಪುಟವೇ ತೆರೆಯದಿದ್ದರೆ ಮೊದಲು ನಿಮ್ಮ ನೆಟ್‌ವರ್ಕ್ ನೋಡಿ.

ಸಂಖ್ಯೆ ಕಂಡಾಗ ಗಂಟೆ, ನಿಮಿಷದ ಸಮೇತ ಫೋಟೊ ಹೊಡೆದುಕೊಳ್ಳಿ. ದೂರು ಕೊಡುವಾಗ ಅದನ್ನ ಸೇರಿಸಿ. ಎರರ್ ಲಾಗಿನಲ್ಲಿ ಅದೇ ನಿಮಿಷಕ್ಕೆ ಸರಿಯಾಗಿ ಒಂದು ಸಾಲು ಬಿದ್ದಿರುತ್ತದೆ. “ಸರ್ವರ್ ಇರಲಿಲ್ಲ” ಅಂದರೆ ಯಾರೂ ಹುಡುಕೋದಿಲ್ಲ. “ಮಂಗಳವಾರ ಬೆಳಿಗ್ಗೆ 11:20ಕ್ಕೆ 500 ಬಂತು” ಅಂದರೆ ಹುಡುಕದೆ ಇರೋಕೆ ನೆಪ ಇರೋದಿಲ್ಲ. ಇನ್ನು, ನಿಮ್ಮ ಹೆಸರು ಒತ್ತಿದಾಗ ಬೇರೆಯವರ ವಿವರ ಬಂದರೆ ಮಾತ್ರ ಮತ್ತೆ ಒತ್ತಿ ಸುಮ್ಮನಾಗಬೇಡಿ. ಫೋಟೊ ತೆಗೆದುಕೊಳ್ಳಿ, ಸಂಬಂಧಪಟ್ಟವರಿಗೆ ತೋರಿಸಿ, ಆದರೆ ವಾಟ್ಸಾಪ್ ಗುಂಪಿಗೆ ಹಾಕಬೇಡಿ. ಅದು ಇನ್ನೊಬ್ಬರ ಗುಟ್ಟು. ಇವತ್ತು ಅವರದು ನಿಮಗೆ ಬಂದಿದೆ, ನಾಳೆ ನಿಮ್ಮದು ಯಾರಿಗೆ ಹೋಗುತ್ತದೋ.

ಚಿಕ್ಕಪ್ಪನಿಗೆ ಇಷ್ಟನ್ನೂ ಕೂರಿಸಿಕೊಂಡು ಹೇಳಿದೆ. ಎಲ್ಲ ಕೇಳಿ, “ಅಂದ್ರೆ ಅವತ್ತು ಸರ್ವರ್ ಇತ್ತು ಅನ್ನು” ಅಂದರು. ಹೂಂ ಅಂದೆ. “ಮತ್ತೆ ಇಲ್ಲ ಅಂತ ಯಾಕೆ ಅಂದ?” ಅಂತ ಕೇಳಿದರು. ಮುಂದಿನ ಸಲ ನಾವೂ ಕೇಳೋಣ.